ನಗರದ ನಲ್ಲಿ ನೀರು: ಗುಣಮಟ್ಟ ಮತ್ತು ಗಡಸುತನ (ಬೆಂಗಳೂರಿನ ಮನೆಗಳನ್ನು ಅನುಲಕ್ಷಿಸಿ)

ಮನೆಯ ನಲ್ಲಿಯಲ್ಲಿ ಬರುವ ನೀರಿನ ಗುಣವನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಎರಡು. ಕುಡಿದರೆ ಆರೋಗ್ಯಕ್ಕೆ ತೊಂದರೆಯಾಗುತ್ತದೆಯೇ ಎಂಬುದು ಮೊದಲನೆಯದು. ಸ್ನಾನ, ಅಡುಗೆ, ಬಟ್ಟೆ ಒಗೆತಕ್ಕೆ ಆ ನೀರು ಒಗ್ಗುತ್ತದೆಯೇ ಎಂಬುದು ಎರಡನೆಯದು. ಗಡಸುತನವು ಬಹುಮಟ್ಟಿಗೆ ಎರಡನೆಯ ಪ್ರಶ್ನೆಗೆ ಸೇರಿದ್ದು. ಮನೆಗಳಲ್ಲಿ ಈ ಎರಡೂ ಬೆರೆತುಹೋಗಿವೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಲೆ ಕಂಡೊಡನೆ ನೀರು ಕೆಟ್ಟದ್ದೆಂದು ಹೆದರುವುದು, ಸೋಪಿನ ನೊರೆ ಚೆನ್ನಾಗಿ ಬಂದರೆ ನೀರು ಶುದ್ಧವೆಂದು ನಂಬುವುದು ಇದರ ಫಲ. ಬಿಳಿ ಕಲೆ ಬಿಡುವ ನೀರು ಕುಡಿಯಲು ನಿರಪಾಯಕರವಾಗಿರಬಹುದು. ತಿಳಿಯಾಗಿ ನೊರೆಗಟ್ಟುವ ನೀರಿನಲ್ಲಿ ಕಾಮಾಲೆಯ ವೈರಾಣು ಇರಬಹುದು. ಬೆಂಗಳೂರಿನಂತಹ ನಗರದಲ್ಲಿ ಈ ವಿವೇಚನೆ ಇನ್ನೂ ಅಗತ್ಯ. ಇಲ್ಲಿ ಒಂದೇ ನಲ್ಲಿಯಲ್ಲಿ ಬೆಳಗ್ಗೆ ನದಿಯ ನೀರೂ ಸಂಜೆ ಸಾವಿರ ಅಡಿ ಆಳದ ಕೊಳವೆಬಾವಿಯ ನೀರೂ ಬರಬಹುದು.

ನೀರಿನ ಮೂಲಗಳು

ಬೆಂಗಳೂರು ನದಿಯ ದಡದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಈ ಊರು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಕೆರೆ, ಕಲ್ಯಾಣಿ, ಬಾವಿಗಳನ್ನೇ ನೆಚ್ಚಿತ್ತು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯ ಮೂಲಕ ನಗರಕ್ಕೆ ನೀರು ಬಂತು. 1933ರಲ್ಲಿ ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾಯಿತು. 1964ರ ಕಾಯ್ದೆಯಂತೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಇದು ಜಲಮಂಡಳಿ.

ಕಾವೇರಿಯ ಮೊದಲ ಹಂತದ ನೀರು ನಗರಕ್ಕೆ ಬಂದದ್ದು 1974ರಲ್ಲಿ. ಮುಂದಿನ ಹಂತಗಳು 1982, 1993ರಲ್ಲಿ, ನಾಲ್ಕನೆಯದು ಎರಡು ಭಾಗಗಳಾಗಿ 2002 ಮತ್ತು 2012ರಲ್ಲಿ ಸೇರಿಕೊಂಡವು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು; ನಗರಕ್ಕೆ ತಡವಾಗಿ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವುದು ಅದರ ಉದ್ದೇಶ. ಕಾವೇರಿಯ ಶಿವ ಅಣೆಕಟ್ಟಿನ ಬಳಿಯಿಂದ ಬರುವ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಅಲ್ಲಿಂದ, ಹಾರೋಹಳ್ಳಿಯಿಂದ, ತಾತಗುಣಿಯಿಂದ ಹೀಗೆ ಮೂರು ಕಡೆ ಪಂಪುಗಳ ಬಲದಿಂದ ಮೇಲೇರುತ್ತದೆ. ಒಟ್ಟು ದೂರ ಸುಮಾರು 100 ಕಿ.ಮೀ., ಏರು ಸುಮಾರು 500 ಮೀಟರ್. ನಗರದ ಪ್ರತಿ ಕೊಡ ನೀರಿನಲ್ಲೂ ಅದನ್ನು ಇಷ್ಟು ಎತ್ತರಕ್ಕೆ ಏರಿಸಿದ ವಿದ್ಯುತ್ತು ಅಡಗಿದೆ ಎಂಬುದನ್ನು ನೀರು ಪೋಲು ಮಾಡುವ ಯಂತ್ರಗಳ ಮಾತು ಬಂದಾಗ ನೆನೆಯಬೇಕು.

ಕಾವೇರಿ ತಲುಪದ ಬಡಾವಣೆಗಳಲ್ಲಿ, ತಲುಪಿಯೂ ಸಾಲದ ಕಡೆಗಳಲ್ಲಿ, ಕೊಳವೆಬಾವಿ ಮತ್ತು ಟ್ಯಾಂಕರ್ ಆಧಾರ. ನದಿಯ ನೀರಿಗೂ ಬೋರ್ ನೀರಿಗೂ ಇರುವ ಅಂತರ ನೆಲದ ಗುಣದಿಂದ ಬಂದದ್ದು. ಮಳೆಯಾಗಿ ಬಿದ್ದು ತೊರೆಯಲ್ಲಿ ಹರಿದುಬಂದ ನೀರಿಗೆ ಕಲ್ಲಿನ ಸಂಗ ಅಲ್ಪಕಾಲದ್ದು. ಬೆಂಗಳೂರಿನ ಅಡಿಯಲ್ಲಿರುವುದು ಅತಿ ಪುರಾತನ ನೈಸ್ ಮತ್ತು ಗ್ರಾನೈಟ್ ಶಿಲೆ. ಅದರ ಬಿರುಕುಗಳಲ್ಲಿ ನಿಂತ ನೀರು ವರ್ಷಗಟ್ಟಲೆ ಕಲ್ಲನ್ನು ಕರಗಿಸಿಕೊಳ್ಳುತ್ತಲೇ ಇರುತ್ತದೆ. ಮಣ್ಣಿನ ಪದರದಲ್ಲಿ ಬೇರುಗಳೂ ಜೀವಾಣುಗಳೂ ಬಿಡುವ ಇಂಗಾಲದ ಡೈಆಕ್ಸೈಡ್ ನೀರನ್ನು ತುಸು ಆಮ್ಲೀಯವಾಗಿಸುವುದರಿಂದ ಈ ಕರಗುವಿಕೆ ಇನ್ನೂ ಚುರುಕಾಗುತ್ತದೆ. ಬೋರ್ ಎಷ್ಟು ಆಳವೋ ನೀರು ಎಷ್ಟು ಹಳೆಯದೋ ಅಷ್ಟು ಗಡಸು ಎಂಬುದು ಒರಟು ಲೆಕ್ಕವಾದರೂ ಅನೇಕ ಕಡೆ ನಿಜ.

ಕರ್ನಾಟಕದೊಳಗೇ ಈ ವ್ಯತ್ಯಾಸ ದೊಡ್ಡದು. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಬಹಳ ಮೆದು, ಎಷ್ಟೋ ಕಡೆ ತುಸು ಆಮ್ಲೀಯ. ಶಹಾಬಾದ್, ಸೇಡಂ ಸುತ್ತಿನ ಸುಣ್ಣಕಲ್ಲಿನ ಸೀಮೆಯಲ್ಲಿ ಅಂತರ್ಜಲ ಗಡಸಾಗಿರುವುದು ಸಹಜ. ಮಂಗಳೂರಿನ ಕಡೆಯಿಂದ ಬೆಂಗಳೂರಿಗೆ ಬಂದು ಬೋರ್ ನೀರಿನ ಮನೆಯಲ್ಲಿ ನೆಲೆಸಿದವರು ಮೊದಲ ವಾರವೇ ಸೋಪು ನೊರೆ ಬಿಡುವುದಿಲ್ಲ, ತಲೆಗೂದಲು ಬಿರುಸಾಯಿತು ಎನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಗಡಸುತನ ಎಂದರೇನು

ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳೇ ಗಡಸುತನಕ್ಕೆ ಕಾರಣ. ಎರಡನ್ನೂ ಒಟ್ಟು ಸೇರಿಸಿ, ಅಷ್ಟೇ ಪರಿಣಾಮ ಬೀರುವ ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ಹೇಳುವುದು ರೂಢಿ. ಗಡಸುತನ 300 ಎಂದರೆ ಒಂದು ಲೀಟರಿನಲ್ಲಿ 300 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದಷ್ಟು ಇದೆ ಎಂದರ್ಥ. ಪಿಪಿಎಂ ಎಂದರೂ ಅದೇ. ಈ ಲೇಖನದಲ್ಲಿ ಬೇರೆ ಮಾನ ಹೇಳದ ಕಡೆ ಎಲ್ಲ ಅಂಕಿಗಳೂ ಲೀಟರಿಗೆ ಮಿಲಿಗ್ರಾಂ ಲೆಕ್ಕದವು. ವಿದೇಶಿ ವಾಷಿಂಗ್ ಮಷೀನು, ಡಿಶ್‌ವಾಷರುಗಳ ಕೈಪಿಡಿಯಲ್ಲಿ ಜರ್ಮನ್ ಡಿಗ್ರಿಯಲ್ಲಿ ಕೇಳಿರುತ್ತಾರೆ. ಒಂದು ಜರ್ಮನ್ ಡಿಗ್ರಿ 17.8ಕ್ಕೆ ಸಮ. ನೀರು ಮೆದುಗೊಳಿಸುವ ಸಾಫ್ಟನರ್ ಯಂತ್ರ ಮಾರುವವರು ಬಳಸುವ ಗ್ರೇನ್ ಎಂಬ ಅಮೆರಿಕನ್ ಮಾನ 17.1ಕ್ಕೆ ಸಮ.

60ರವರೆಗೆ ಮೆದು, 120ರವರೆಗೆ ಸಾಧಾರಣ ಗಡಸು, 180ರವರೆಗೆ ಗಡಸು, ಅದಕ್ಕೂ ಮೇಲೆ ಅತಿ ಗಡಸು ಎಂಬ ವರ್ಗೀಕರಣ ಹೆಚ್ಚು ಬಳಕೆಯಲ್ಲಿದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕವಾದ ಐಎಸ್ 10500 (2012ರ ಪರಿಷ್ಕರಣೆ) 200ನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ನೀರಿನ ಮೂಲವೇ ಇಲ್ಲದಾಗ 600ರವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಕಾವೇರಿ ನೀರು ಸಾಮಾನ್ಯವಾಗಿ 200ರ ಮಿತಿಯೊಳಗೇ ಇರುತ್ತದೆ. ಬೆಂಗಳೂರಿನ ಬೋರ್ ನೀರು ಆ ಮಿತಿಯನ್ನು ದಾಟುವುದು ಸಾಮಾನ್ಯ. ಎರಡನೆಯ ಮಿತಿಯನ್ನು ದಾಟುವ ಬೋರುಗಳೂ ಉಂಟು.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟಿನ ಜೊತೆಗಿರುವುದು ತಾತ್ಕಾಲಿಕ ಗಡಸುತನ. ಕುದಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕರಗಿದ್ದ ಕ್ಯಾಲ್ಸಿಯಂ ಬಿಳಿಯ ಕಾರ್ಬೊನೇಟಾಗಿ ತಳಕ್ಕೆ ಕೂರುತ್ತದೆ. ಹಂಡೆಯ ಒಳಗೆ, ಗೀಸರಿನ ಕಾಯಿಲ್ ಮೇಲೆ, ಕೆಟಲ್ ತಳದಲ್ಲಿ ಕಟ್ಟುವ ಗಟ್ಟಿ ಬಿಳಿ ಪದರ ಇದೇ. ಸಲ್ಫೇಟ್, ಕ್ಲೋರೈಡುಗಳ ಜೊತೆಗಿರುವುದು ಶಾಶ್ವತ ಗಡಸುತನ; ಅದು ಕುದಿತಕ್ಕೆ ಬಗ್ಗುವುದಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಕ್ಷಾರೀಯತೆ ಎಂಬ ಸಾಲು ಇರುತ್ತದಲ್ಲ, ಅದನ್ನು ಗಡಸುತನದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ಪಾಲು ತಿಳಿಯುತ್ತದೆ. ಗಡಸುತನ 400, ಕ್ಷಾರೀಯತೆ 250 ಇದ್ದರೆ 250 ತಾತ್ಕಾಲಿಕ, ಉಳಿದ 150 ಶಾಶ್ವತ. ಕ್ಷಾರೀಯತೆಯೇ ಹೆಚ್ಚಿದ್ದರೆ ಎಲ್ಲವೂ ತಾತ್ಕಾಲಿಕ.

ಅಡುಗೆಮನೆ ಮತ್ತು ಬಚ್ಚಲಲ್ಲಿ

ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಮನೆಯ ಹೆಂಗಸರಿಗೆ ಯಾವ ಪ್ರಯೋಗಾಲಯವೂ ಹೇಳಿಕೊಡದ ತಿಳಿವು, ಮತ್ತು ಅದು ವೈಜ್ಞಾನಿಕವಾಗಿ ಸರಿಯಾದ ತಿಳಿವು. ಬೇಳೆಯ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್. ಬೇಯುವಾಗ ಅದು ಕರಗಿ ಕೋಶಗಳು ಬಿಡಿಬಿಡಿಯಾಗಬೇಕು. ನೀರಿನ ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳ ನಡುವೆ ಸೇತುವೆ ಹಾಕಿ ಅದನ್ನು ಗಟ್ಟಿಗೊಳಿಸುತ್ತದೆ; ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಚಿಟಿಕೆ ಅಡುಗೆ ಸೋಡ ಹಾಕಿದರೆ ಬೇಗ ಬೇಯುವುದಕ್ಕೆ ಕಾರಣ, ನೀರಿನ ಕ್ಷಾರಗುಣ ಏರಿ ಪೆಕ್ಟಿನ್ ಸಡಿಲಗೊಳ್ಳುವುದು. ಸೋಡದಿಂದ ಬೇಳೆಯ ಥಯಾಮಿನ್ ಜೀವಸತ್ವ ನಾಶವಾಗುವುದರಿಂದ ಇದು ದಿನನಿತ್ಯದ ಉಪಾಯವಾಗಬಾರದು. ನೀರನ್ನು ಮೊದಲೇ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನ ತಿಳಿಯನ್ನು ಬಳಸುವುದು ಮೇಲು. ಹಳೆಯ ದಾಸ್ತಾನಿನ ಬೇಳೆ ಮೆದು ನೀರಿನಲ್ಲೂ ಸತಾಯಿಸುತ್ತದೆ ಎಂಬುದನ್ನೂ ಮರೆಯಬಾರದು. ಆರಿದ ಚಹಾದ ಮೇಲೆ ಕಟ್ಟುವ ತೆಳು ಕೆನೆಯಂತಹ ಪೊರೆ ಹಾಲಿನದಷ್ಟೇ ಅಲ್ಲ. ಹಾಲು ಹಾಕದ ಚಹಾದಲ್ಲೂ ಗಡಸು ನೀರಿನ ಕ್ಯಾಲ್ಸಿಯಂ ಚಹಾದ ಪಾಲಿಫಿನಾಲುಗಳೊಡನೆ ಸೇರಿ ಅಂಥ ಪೊರೆ ಕಟ್ಟುತ್ತದೆ.

ಸೋಪು ಎಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡರೆ ನೀರಿನಲ್ಲಿ ಕರಗದ ಜಿಗುಟು ಗಸಿಯಾಗುತ್ತದೆ. ಅದೇ ಬಚ್ಚಲ ಕಲ್ಲಿನ ಮೇಲೆ, ತಲೆಗೂದಲಿನ ಮೇಲೆ, ಬಿಳಿ ಬಟ್ಟೆಯ ನೇಯ್ಗೆಯೊಳಗೆ ಕೂರುವುದು. ಲೆಕ್ಕ ಹಾಕಿದರೆ ಒಂದು ಗ್ರಾಂ ಗಡಸುತನ ಸುಮಾರು ಆರು ಗ್ರಾಂ ಸೋಪನ್ನು ನುಂಗುತ್ತದೆ. 20 ಲೀಟರ್ ಬಕೆಟ್ಟಿನಲ್ಲಿ ಗಡಸುತನ 300ರ ನೀರಿದ್ದರೆ, ಆ ನೀರೆಲ್ಲ ನೊರೆಗಟ್ಟುವ ಮೊದಲು 36 ಗ್ರಾಂ ಸೋಪು ಗಸಿಯಾಗಿ ಹೋಗಿರುತ್ತದೆ. ಬಟ್ಟೆ ಒಗೆಯುವ ಪುಡಿಗಳು ಡಿಟರ್ಜೆಂಟುಗಳಾದ್ದರಿಂದಲೂ, ಅವುಗಳಲ್ಲಿ ಕ್ಯಾಲ್ಸಿಯಂ ಕಟ್ಟಿಹಾಕುವ ಪದಾರ್ಥಗಳನ್ನು ಬೆರೆಸಿರುವುದರಿಂದಲೂ ಅಷ್ಟು ನಷ್ಟವಿಲ್ಲ, ಆದರೂ ಪುಡಿ ಹೆಚ್ಚು ಬೇಕು. ಸ್ನಾನದ ಸೋಪು ಬದಲಿಸಿ ಬದಲಿಸಿ ಬೇಸತ್ತವರ ತೊಂದರೆ ಸೋಪಿನಲ್ಲಿಲ್ಲ, ನೀರಿನಲ್ಲಿದೆ.

ಗೀಸರ್ ವಿಷಯದಲ್ಲಿ ಒಂದು ಸರಳ ಎಚ್ಚರ. ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿದಷ್ಟೂ ಪದರ ಬೇಗ ಕಟ್ಟುತ್ತದೆ. ಪದರ ಶಾಖವನ್ನು ತಡೆಯುವುದರಿಂದ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಥರ್ಮೋಸ್ಟಾಟನ್ನು 50 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸುವುದೇ ಅತಿ ಅಗ್ಗದ ಪರಿಹಾರ. ಬೆಂಗಳೂರಿನ ಮನೆಗಳ ಮೇಲೆ ಹೇರಳವಾಗಿರುವ ಸೌರ ಹೀಟರುಗಳಲ್ಲಿ ತಾಮ್ರದ ಸಪೂರ ಕೊಳವೆಗಳಿರುವ ಚಪ್ಪಟೆ ಫಲಕದ ಬಗೆ ಬೋರ್ ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಕೊಳವೆಗಳ ಬಗೆ ಹೆಚ್ಚು ತಾಳುತ್ತದೆ. ನಲ್ಲಿ, ಷವರುಗಳ ಬಿಳಿ ಪದರ ವಿನೆಗರ್, ನಿಂಬೆರಸ, ಸಿಟ್ರಿಕ್ ಆಮ್ಲಕ್ಕೆ ಕರಗುತ್ತದೆ. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಪದರದ ಜೊತೆಗೆ ನಲ್ಲಿಯ ಲೇಪವನ್ನೂ ತಿನ್ನುತ್ತದೆ. ಅದನ್ನು ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುವುದರಿಂದ ಎರಡನ್ನೂ ಎಂದೂ ಒಟ್ಟಿಗೆ ಬಳಸಬಾರದು.

ಆರೋಗ್ಯದ ಮಾತು: ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ಯಾವ ಮಿತಿಯನ್ನೂ ವಿಧಿಸಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಶರೀರಕ್ಕೆ ಬೇಕಾದವು. ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ಗಟ್ಟಿ ನಂಬಿಕೆಗೆ ಗಟ್ಟಿ ಸಾಕ್ಷ್ಯವಿಲ್ಲ. ಸೆಕೆಯಲ್ಲಿ ಸಾಕಷ್ಟು ನೀರು ಕುಡಿಯದಿರುವುದು ಅದಕ್ಕಿಂತ ದೊಡ್ಡ ಕಾರಣ. ಸೂಕ್ಷ್ಮ ಚರ್ಮದವರಿಗೆ ಸೋಪಿನ ಗಸಿಯಿಂದ ಒಣಗುವಿಕೆ, ತುರಿಕೆ ಹೆಚ್ಚುವುದುಂಟು.

ಟಿಡಿಎಸ್ ಎಂಬ ಒಂದೇ ಅಂಕಿ

ನೀರಿನ ಶುದ್ಧೀಕರಣ ಯಂತ್ರ ಮಾರಲು ಬಂದವರು ಲೋಟಕ್ಕೆ ಪೆನ್ನಿನಂತಹ ಮೀಟರ್ ಅದ್ದಿ ಅಂಕಿ ತೋರಿಸುವುದು ನಗರದ ಮನೆಗಳಲ್ಲಿ ಪರಿಚಿತ ದೃಶ್ಯ. ಆ ಮೀಟರ್ ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಅದನ್ನು ಸಾಮಾನ್ಯವಾಗಿ 0.5ರಿಂದ 0.7ರ ನಡುವಿನ ಒಂದು ಗುಣಕದಿಂದ ಗುಣಿಸಿ, ಕರಗಿದ ಒಟ್ಟು ಘನಪದಾರ್ಥ (ಟಿಡಿಎಸ್) ಇಷ್ಟು ಎಂದು ತೋರಿಸುತ್ತದೆ. ಅಡುಗೆ ಉಪ್ಪು, ಕ್ಯಾಲ್ಸಿಯಂ, ಬೈಕಾರ್ಬೊನೇಟ್, ನೈಟ್ರೇಟ್ ಎಲ್ಲವೂ ಅದಕ್ಕೆ ಒಂದೇ. ರೋಗಾಣುಗಳನ್ನು ಅದು ಕಾಣುವುದೇ ಇಲ್ಲ. ಲೀಟರಿಗೆ ಒಂದೆರಡು ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹಲ್ಲಿಗೆ, ಮೂಳೆಗೆ ಅಪಾಯ, ಆದರೆ ಮೀಟರಿನ ಅಂಕಿಯಲ್ಲಿ ಆ ವ್ಯತ್ಯಾಸ ಗೋಚರಿಸದು. ಟಿಡಿಎಸ್ 150ರ ನೀರು ಅಪಾಯಕಾರಿಯಾಗಿರಬಹುದು, 450ರ ನೀರು ನಿರಪಾಯಕರವಾಗಿರಬಹುದು. ಐಎಸ್ 10500ರ ಸ್ವೀಕಾರಾರ್ಹ ಮಿತಿ 500, ಪರ್ಯಾಯ ಮೂಲವಿಲ್ಲದಾಗ 2000. ಈ ಮಿತಿಗಳು ಮುಖ್ಯವಾಗಿ ರುಚಿ, ಒಗ್ಗುವಿಕೆಗೆ ಸಂಬಂಧಿಸಿದವು.

ಇಷ್ಟಾದರೂ ಮೀಟರ್ ನಿರುಪಯೋಗಿಯಲ್ಲ. ನಲ್ಲಿಯಲ್ಲಿ ಬರುತ್ತಿರುವುದು ಯಾವ ನೀರು ಎಂದು ಗುರುತಿಸಲು ಅದಕ್ಕಿಂತ ಸುಲಭದ ಸಾಧನವಿಲ್ಲ. ಕಾವೇರಿ ನೀರಿನ ಅಂಕಿ ಮಾನಕದ 500ಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಬೋರ್ ನೀರಿನದು ಕಾವೇರಿ ನೀರಿನ ಅಂಕಿಯ ಹಲವು ಪಟ್ಟು ಇರಬಹುದು. ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಬೆರೆಯುವ ಕಡೆ ಅಂಕಿ ಒಮ್ಮೆಲೇ ಏರಿದರೆ ಮಿಶ್ರಣ ಬದಲಾಗಿದೆ ಎಂದು ತಿಳಿಯಬಹುದು. ಕಾವೇರಿ ನೀರೇ ಬರುವ ಮನೆಯಲ್ಲಿ ಅಂಕಿ ಏರಿದರೆ ಒಳಚರಂಡಿಯೋ ಅಂತರ್ಜಲವೋ ಸೋರಿ ಸೇರಿದೆಯೇ ಎಂದು ಶಂಕಿಸಲು ಕಾರಣ ಸಿಕ್ಕಂತೆ.

ಕಣ್ಣು, ಮೂಗು ಹೇಳುವುದು

ಉಪಕರಣವಿಲ್ಲದೆ ತಿಳಿಯುವ ಸಂಗತಿಗಳೂ ಕಡಿಮೆಯಲ್ಲ. ಲೋಟದಲ್ಲಿ ಹಿಡಿದ ನೀರು ಹಾಲಿನಂತೆ ಬೆಳ್ಳಗಿದ್ದು, ತಳದಿಂದ ಮೇಲಕ್ಕೆ ತಿಳಿಯಾಗುತ್ತ ಹೋದರೆ ಅದು ಕೊಳವೆಯ ಒತ್ತಡದಲ್ಲಿ ಕರಗಿದ್ದ ಗಾಳಿಯ ಗುಳ್ಳೆ, ತೊಂದರೆಯಿಲ್ಲ. ಮೇಲಿನಿಂದ ತಿಳಿಯಾಗಿ ತಳದಲ್ಲಿ ಮಡ್ಡಿ ಕೂತರೆ ಅದು ಮಣ್ಣೋ ತುಕ್ಕೋ. ನೀರು ನಿಂತು ಮತ್ತೆ ಬಂದ ಮೊದಲ ನಿಮಿಷಗಳಲ್ಲಿ ಕಂದು ಬಣ್ಣ ಬರುವುದು ಹಳೆಯ ಕಬ್ಬಿಣದ ಕೊಳವೆಗಳ ತುಕ್ಕಿನಿಂದ. ಬೋರ್ ನೀರು ಹಿಡಿದಾಗ ತಿಳಿಯಾಗಿದ್ದು ಅರ್ಧ ದಿನದಲ್ಲಿ ಕೆಂಪಡರಿದರೆ ಅದರಲ್ಲಿ ಕರಗಿದ್ದ ಕಬ್ಬಿಣ ಗಾಳಿಯ ಆಮ್ಲಜನಕ ಸೇರಿ ಹೊರಬಿದ್ದಿದೆ. ತಾಮ್ರದ ಕೊಳವೆಯ ಮನೆಯಲ್ಲಿ ಬೇಸಿನ್ ಮೇಲೆ ಹಸಿರು ನೀಲಿ ಕಲೆ ಬಂದರೆ ನೀರು ಆಮ್ಲೀಯವಾಗಿದ್ದು ಲೋಹವನ್ನು ತಿನ್ನುತ್ತಿದೆ. ಮೆದು ನೀರಿನ ಸೀಮೆಯ ಸಮಸ್ಯೆ ಇದು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಅದು ಬಿಸಿನೀರಿನಲ್ಲಷ್ಟೇ ಇದ್ದರೆ ಗೀಸರನ್ನು, ತಣ್ಣೀರಿನಲ್ಲೂ ಇದ್ದರೆ ಬೋರನ್ನೋ ಸಂಪನ್ನೋ ನೋಡಬೇಕು. ಚರಂಡಿಯ ವಾಸನೆ ಬಂದರೆ ಪರೀಕ್ಷೆಗೆ ಕಾಯದೆ ಆ ನೀರು ಕುಡಿಯುವುದನ್ನು ನಿಲ್ಲಿಸಿ ಜಲಮಂಡಳಿಗೆ ದೂರು ಕೊಡಬೇಕು.

ಬ್ಲೀಚಿಂಗ್ ಪುಡಿಯ ನವಿರಾದ ವಾಸನೆಯನ್ನು ಅನೇಕರು ದೋಷವೆಂದು ದೂರುತ್ತಾರೆ. ಅದು ರಕ್ಷಣೆಯ ಗುರುತು. ಶುದ್ಧೀಕರಣ ಘಟಕದಲ್ಲಿ ಆಲಂನಂತಹ ಪದಾರ್ಥ ಹಾಕಿ ಮಡ್ಡಿ ಕೂರಿಸಿ, ಮರಳಿನಲ್ಲಿ ಸೋಸಿದ ಮೇಲೆ ಕ್ಲೋರಿನ್ ಬೆರೆಸುವುದು, ಅದರ ಒಂದು ಅಂಶ ದಾರಿಯುದ್ದಕ್ಕೂ ಉಳಿದು ಮನೆಯವರೆಗೂ ಕಾವಲಿರಲಿ ಎಂದು. ಗ್ರಾಹಕರ ನಲ್ಲಿಯಲ್ಲಿ ಕನಿಷ್ಠ 0.2ರಷ್ಟು ಉಳಿಕೆ ಕ್ಲೋರಿನ್ ಇರಬೇಕೆಂಬುದು ಐಎಸ್ 10500ರ ನಿಯಮ.

ಸಂಪು, ಟ್ಯಾಂಕು ಮತ್ತು ರೋಗಾಣು

ನಗರದ ನೀರಿನ ಗುಣ ಕೆಡುವುದು ಹೆಚ್ಚಾಗಿ ಕೊನೆಯ ಕೆಲವು ನೂರು ಮೀಟರುಗಳಲ್ಲಿ. ದಿನ ಬಿಟ್ಟು ದಿನ, ಕೆಲವೇ ಗಂಟೆ ನೀರು ಬಿಡುವ ವ್ಯವಸ್ಥೆಯಲ್ಲಿ ಉಳಿದ ಹೊತ್ತು ಕೊಳವೆಗಳಲ್ಲಿ ಒತ್ತಡವಿರುವುದಿಲ್ಲ. ಪಕ್ಕದಲ್ಲೇ ಹಾದುಹೋಗುವ ಒಳಚರಂಡಿಯ ಸೋರಿಕೆ ಸಂದುಗಳ ಮೂಲಕ ಒಳಗೆ ಸೇರುತ್ತದೆ. ಮನೆಯವರು ನೇರ ಕೊಳವೆಗೆ ಮೋಟಾರು ಹಾಕಿ ಎಳೆದರೆ ಈ ಅಪಾಯ ಇಮ್ಮಡಿಸುತ್ತದೆ. ನೀರಿನ ಜೊತೆ ಹೊರಗಿನ ಕೊಳೆಯನ್ನೂ ಎಳೆದುಕೊಂಡಂತೆ. 24 ಗಂಟೆ ಒತ್ತಡವಿರುವ ಸರಬರಾಜು ಸೌಕರ್ಯಕ್ಕಿಂತ ಹೆಚ್ಚಾಗಿ ಆರೋಗ್ಯದ ಪ್ರಶ್ನೆ ಎಂದು ತಜ್ಞರು ಒತ್ತಿ ಹೇಳುವುದು ಇದಕ್ಕೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 2008ರ ಹೊತ್ತಿಗೆ ಇಂಥ ಸರಬರಾಜು ಸಾಧ್ಯವೆಂದು ತೋರಿಸಿಕೊಡಲಾಯಿತು.

ಸಂಪಿಗೆ ಬಿದ್ದ ನೀರಿನ ಕ್ಲೋರಿನ್ ಒಂದೆರಡು ದಿನಗಳಲ್ಲಿ ಕರಗಿಹೋಗುತ್ತದೆ. ಸಂಪಿನ ಮುಚ್ಚಳ ನೆಲಮಟ್ಟದಲ್ಲಿದ್ದರೆ ಅಂಗಳ ತೊಳೆದ ನೀರೂ ಮಳೆನೀರೂ ಒಳಗಿಳಿಯುತ್ತವೆ. ಹಳೆಯ ಮನೆಗಳಲ್ಲಿ ಶೌಚದ ಗುಂಡಿಗೂ ಸಂಪಿಗೂ ಇರುವ ಅಂತರ ಕೆಲವೇ ಅಡಿ. ವರ್ಷಕ್ಕೆ ಎರಡು ಬಾರಿಯಾದರೂ ಸಂಪು, ಟ್ಯಾಂಕುಗಳನ್ನು ಬರಿದು ಮಾಡಿ ಉಜ್ಜಿ ತೊಳೆಯುವುದು, ಮುಚ್ಚಳವನ್ನು ನೆಲದಿಂದ ಎತ್ತರಿಸುವುದು, ಹೊರತುಂಬಿಯ ಕೊಳವೆಗೆ ಜಾಲರಿ ಕಟ್ಟುವುದು ಯಾವ ಯಂತ್ರಕ್ಕಿಂತಲೂ ಹೆಚ್ಚು ಫಲ ಕೊಡುವ ಕೆಲಸಗಳು. ಸಂಪಿಗೆ ಇಳಿಯುವ ಮುನ್ನ ಒಳಗಿನ ಗಾಳಿ ಉಸಿರಾಟಕ್ಕೆ ತಕ್ಕದ್ದೇ ಎಂದು ಖಚಿತಪಡಿಸಿಕೊಳ್ಳದೆ ಯಾರನ್ನೂ ಇಳಿಸಬಾರದು. ಮುಚ್ಚಿದ ಸಂಪುಗಳಲ್ಲಿ ಜನ ಸತ್ತಿದ್ದಾರೆ. ಶಂಕೆಯಿರುವ ತಿಳಿನೀರಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ, ಗಸಿ ಬಿಟ್ಟು ತಿಳಿ ಸುರಿದು, ಒಂದು ಗಂಟೆ ಬಿಡುವುದು ಸಾರ್ವಜನಿಕ ಆರೋಗ್ಯದ ಪಠ್ಯಗಳು ಹೇಳುವ ಅಂದಾಜು. ಕೊನೆಯಲ್ಲಿ ಕ್ಲೋರಿನ್ 0.5ರಷ್ಟು ಉಳಿದಿರಬೇಕು.

ಬೋರ್ ನೀರಿನಲ್ಲಿ ರೋಗಾಣುಗಳಷ್ಟೇ ಅಲ್ಲ, ಕಣ್ಣಿಗೆ ಕಾಣದ ಮೂರು ನಾಲ್ಕು ಪದಾರ್ಥಗಳ ಬಗ್ಗೆಯೂ ಎಚ್ಚರ ಬೇಕು. ಒಳಚರಂಡಿ ಸೋರುವ ನಗರಗಳ ಅಂತರ್ಜಲದಲ್ಲಿ ನೈಟ್ರೇಟ್ ಏರುತ್ತದೆ. ಅದರ ಮಿತಿ 45. ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಹಾಲಿನ ಪುಡಿ ಕಲಸಿ ಕುಡಿಸುವ ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಇದರಿಂದ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಫ್ಲೋರೈಡಿನ ಸ್ವೀಕಾರಾರ್ಹ ಮಿತಿ 1.0, ಗರಿಷ್ಠ 1.5. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಸೀಮೆಗಳಲ್ಲಿ ಇದರ ಹಾವಳಿ ಹಳೆಯದು. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಮಾಲಿನ್ಯ ದಾಖಲಾಗಿದೆ. ಈ ಯಾವುದನ್ನೂ ಕುದಿಸಿ ಕಳೆಯಲಾಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅವುಗಳ ಸಾಂದ್ರತೆ ತುಸು ಏರುತ್ತದೆ. 2024ರ ಬೇಸಿಗೆಯಂತಹ ಬರದಲ್ಲಿ ಮೂಲ ಗೊತ್ತಿಲ್ಲದ ಟ್ಯಾಂಕರ್ ನೀರು ಮನೆಮನೆಗೆ ಸುರಿದಾಗ ಈ ಪ್ರಶ್ನೆಗಳನ್ನು ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಪರೀಕ್ಷೆಗಳು

ಗಡಸುತನವನ್ನು ಸೋಪಿನಿಂದ ಅಳೆಯುವ ಕ್ರಮವನ್ನು ಬಳಕೆಗೆ ತಂದವರು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್, 1840ರ ದಶಕದಲ್ಲಿ. ಮನೆಯಲ್ಲಿ ಅದೇ ತತ್ತ್ವವನ್ನು ಬಳಸಬಹುದು. ಒಂದೇ ಅಳತೆಯ ಎರಡು ಸೀಸೆಗಳಲ್ಲಿ, ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ಮಳೆಯ ನೀರು ಇಲ್ಲವೆ ಬ್ಯಾಟರಿಗೆ ಹಾಕುವ ಬಟ್ಟಿನೀರು ತುಂಬಿ, ಹೆರೆದು ಕರಗಿಸಿದ ನಿಜವಾದ ಸೋಪಿನ ದ್ರಾವಣವನ್ನು ಸಮನಾಗಿ ಹನಿಸಿ ಕುಲುಕಬೇಕು. ಮಳೆನೀರಿನಲ್ಲಿ ನೊರೆ ನಿಲ್ಲುತ್ತದೆ. ಗಡಸು ನೀರಿನಲ್ಲಿ ಮಬ್ಬು ಗಸಿ ಏಳುತ್ತದೆ. ಡಿಟರ್ಜೆಂಟಿನಿಂದ ಈ ಪರೀಕ್ಷೆ ನಡೆಯದು. ಅಂಕಿ ಬೇಕಾದರೆ ಹನಿ ಲೆಕ್ಕದ ಕಿಟ್ ಬಳಸಬೇಕು. ಸ್ವಿಟ್ಜರ್ಲೆಂಡಿನ ಗೆರೋಲ್ಡ್ ಶ್ವಾರ್ಜೆನ್‌ಬಾಖ್ 1940ರ ದಶಕದಲ್ಲಿ ರೂಪಿಸಿದ ಇಡಿಟಿಎ ಕ್ರಮವೇ ಅದರಲ್ಲಿರುವುದು: ಬಣ್ಣಸೂಚಕ ಹಾಕಿದ ನೀರು ದ್ರಾಕ್ಷಾರಸದ ಕೆಂಪಿನಿಂದ ನೀಲಿಗೆ ತಿರುಗುವವರೆಗೆ ಹನಿಗಳನ್ನು ಎಣಿಸಿದರೆ ಗಡಸುತನ ಸಿಗುತ್ತದೆ. ಕಾಗದದ ಪಟ್ಟಿಗಳು ಒರಟು ಅಂದಾಜಿಗೆ ಸಾಕು.

ಉಳಿಕೆ ಕ್ಲೋರಿನ್ ಕಿಟ್ ಅಗ್ಗ. ಬಗೆಯನ್ನನುಸರಿಸಿ ನೀರು ಹಳದಿಗೋ ಗುಲಾಬಿಗೋ ತಿರುಗುತ್ತದೆ. ನಲ್ಲಿಯಲ್ಲಿ ಬಣ್ಣ ಬಂದು ಟ್ಯಾಂಕಿನ ನೀರಿನಲ್ಲಿ ಬಾರದಿದ್ದರೆ ತೊಂದರೆ ಮನೆಯೊಳಗಿದೆ. ಮಲಮಾಲಿನ್ಯ ತಿಳಿಯಲು ಭಾರತದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಸೀಸೆಯ ಪರೀಕ್ಷೆ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಸೀಸೆಗೆ ನೀರು ತುಂಬಿ ಬೆಚ್ಚಗಿನ ಕಡೆ ಒಂದೆರಡು ದಿನ ಇಟ್ಟರೆ, ಮಲಿನವಾದ ನೀರು ಕಪ್ಪಾಗುತ್ತದೆ. ಗಂಧಕವಿರುವ ಕೆಲವು ಅಂತರ್ಜಲಗಳಲ್ಲಿ ಇದು ತಪ್ಪು ಸೂಚನೆ ಕೊಡಬಲ್ಲದು. ಖಚಿತ ಉತ್ತರಕ್ಕೆ ಪ್ರಯೋಗಾಲಯವೇ ಬೇಕು; 100 ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಇರಕೂಡದು.

ಮಾದರಿ ಹಿಡಿಯುವಲ್ಲಿನ ತಪ್ಪೇ ವರದಿಯನ್ನು ಕೆಡಿಸುತ್ತದೆ. ರಾಸಾಯನಿಕ ಪರೀಕ್ಷೆಗೆ ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಸೀಸೆಯನ್ನು ಅದೇ ನೀರಿನಲ್ಲಿ ಗಲಬರಿಸಿ ತುಂಬಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿರಹಿತ ಸೀಸೆ ಬೇಕು. ಅದರಲ್ಲಿ ಕ್ಲೋರಿನ್ ತಟಸ್ಥಗೊಳಿಸುವ ಪುಡಿ ಇರುವುದರಿಂದ ತೊಳೆಯಕೂಡದು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಕೊಳವೆಯ ನೀರು, ಸಂಪು, ಅಡುಗೆಮನೆಯ ನಲ್ಲಿ ಈ ಮೂರರ ಮಾದರಿಗಳನ್ನೂ ಕೊಟ್ಟರೆ ನೀರು ಎಲ್ಲಿ ಕೆಟ್ಟಿತೆಂದು ತಿಳಿಯುತ್ತದೆ. ಬಂದ ವರದಿಯನ್ನು ಮನೆಯಲ್ಲೇ ಪರಿಶೀಲಿಸುವ ಒಂದು ಲೆಕ್ಕವಿದೆ. ಕ್ಯಾಲ್ಸಿಯಂ ಅಂಕಿಯನ್ನು 2.5ರಿಂದಲೂ ಮೆಗ್ನೀಸಿಯಂ ಅಂಕಿಯನ್ನು 4.1ರಿಂದಲೂ ಗುಣಿಸಿ ಕೂಡಿದರೆ ಒಟ್ಟು ಗಡಸುತನ ಬರಬೇಕು. ಕ್ಯಾಲ್ಸಿಯಂ 80, ಮೆಗ್ನೀಸಿಯಂ 30 ಎಂದಿದ್ದರೆ ಗಡಸುತನ 323ರ ಹತ್ತಿರವಿರಬೇಕು. 150 ಎಂದು ಬರೆದಿದ್ದರೆ ಮರುಪರೀಕ್ಷೆ ಕೇಳುವ ಹಕ್ಕು ನಿಮಗಿದೆ.

ಪರಿಹಾರಗಳು

ಕಾವೇರಿ ನೀರು ಬರುವ ಮನೆಗೆ ಚೆನ್ನಾಗಿ ಸೋಸಿ ಮರಳುವಂತೆ ಕುದಿಸುವುದು, ಇಲ್ಲವೆ ಸೋಸುಕದ ಜೊತೆ ಅತಿನೇರಳೆ ದೀಪದ ಯಂತ್ರ ಸಾಕು. ಅಲ್ಲಿ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ ಅನವಶ್ಯಕ. ಆರ್‌ಒ ಪೊರೆ ಲವಣಗಳನ್ನು ತೆಗೆಯುವಲ್ಲಿ ಸಮರ್ಥ. ನೈಟ್ರೇಟ್, ಫ್ಲೋರೈಡ್, ಅತಿ ಲವಣವಿರುವ ಬೋರ್ ನೀರಿಗೆ ಅದು ತಕ್ಕ ಸಾಧನ. ಆದರೆ ಮನೆಬಳಕೆಯ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುವುದು ಸಾಮಾನ್ಯ. ನೂರು ಕಿ.ಮೀ. ದೂರದಿಂದ ಎತ್ತಿ ತಂದ ನೀರನ್ನು ಹೀಗೆ ಚರಂಡಿಗೆ ಬಿಡುವುದು ಅನ್ಯಾಯ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದು ಇದೇ ಕಾರಣಕ್ಕೆ. ಆರ್‌ಒ ಇಟ್ಟುಕೊಳ್ಳಲೇಬೇಕಾದವರು ಚೆಲ್ಲುವ ನೀರನ್ನು ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸಬಹುದು.

ಬಚ್ಚಲು, ಗೀಸರ್, ವಾಷಿಂಗ್ ಮಷೀನುಗಳ ರಕ್ಷಣೆಗೆ ಸಾಫ್ಟನರ್ ಇದೆ. ಅದರ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರು ಹಾಯಿಸಿ ಮರುಜೀವ ಕೊಡಬೇಕು. ಸಾಫ್ಟನರ್ ಹಾಕಿದ ಮೇಲೂ ಟಿಡಿಎಸ್ ಇಳಿಯಲಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು: ಇಲ್ಲಿ ನಡೆಯುವುದು ವಿನಿಮಯ, ಅಂಕಿ ಇಳಿಯಬೇಕಾದ್ದೇ ಇಲ್ಲ. 100ರಷ್ಟು ಗಡಸುತನ ಕಳೆದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಗಡಸುತನ 600ರ ಬೋರ್ ನೀರನ್ನು ಪೂರ್ತಿ ಮೆದುಗೊಳಿಸಿದರೆ ಸೇರುವ ಸೋಡಿಯಂ 276 ಆಗುತ್ತದೆ. ರಕ್ತದೊತ್ತಡದವರಿರುವ ಮನೆಯಲ್ಲಿ ಕುಡಿಯುವ, ಅಡುಗೆಯ ನಲ್ಲಿಯನ್ನು ಸಾಫ್ಟನರಿಗೆ ಜೋಡಿಸದೆ ಬಿಡುವುದು ಕ್ಷೇಮ. ಗಿಡಗಳಿಗೂ ಈ ನೀರು ಒಗ್ಗದು; ಸೋಡಿಯಂ ಮಣ್ಣನ್ನು ಗಟ್ಟಿಯಾಗಿಸುತ್ತದೆ. ದೊಡ್ಡ ಅಪಾರ್ಟ್‌ಮೆಂಟುಗಳ ಸಾಫ್ಟನರುಗಳಿಂದ ಹೊರಬರುವ ಉಪ್ಪುನೀರು ಅಲ್ಲಿನದೇ ಕೊಳಚೆ ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಕೈತೋಟಕ್ಕೆ ಹೋಗುವುದು ಇನ್ನೂ ಸಾಕಷ್ಟು ಚರ್ಚೆಯಾಗದ ಸಮಸ್ಯೆ. ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಗಡಸುತನ ಹೋಗುತ್ತದೆ ಎನ್ನುವ ಜಾಹೀರಾತುಗಳಿಗೆ ತಕ್ಕ ಆಧಾರವಿಲ್ಲ. ಕ್ಯಾಲ್ಸಿಯಂ ನೀರಿನಲ್ಲೇ ಉಳಿದಿರುತ್ತದೆ.

ಬೆಂಗಳೂರಿನ ಮನೆಗಳಿಗೆ ಉಚಿತವಾಗಿ ಸಿಗುವ ಮೆದು ನೀರೆಂದರೆ ಮಳೆ. ಜಲಮಂಡಳಿ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಪ್ರಾತ್ಯಕ್ಷಿಕೆ ಕೇಂದ್ರವೂ ಇದೆ. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುವ ಈ ಊರಿನಲ್ಲಿ 100 ಚದರ ಮೀಟರ್ ಚಾವಣಿಯಿಂದ ನೂರಕ್ಕೆ ಎಂಬತ್ತರಷ್ಟು ಹಿಡಿದರೂ 77,000 ಲೀಟರ್ ಮೀರುತ್ತದೆ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಅಲ್ಪ. ಗಡಸುತನ 600ರ ಬೋರ್ ನೀರಿಗೆ ಅಷ್ಟೇ ಮಳೆನೀರು ಸೇರಿಸಿದರೆ 300ರ ಸುಮಾರಿಗೆ ಇಳಿಯುತ್ತದೆ. ಇನ್ನೆರಡು ಪಾಲು ಸೇರಿಸಿದರೆ 150. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಎಲೆ ಕಸ ತಡೆಯುವ ಸೋಸುಕದ ಮೂಲಕ ಸಂಪಿಗೆ ಹಾಯಿಸಬೇಕು. ಚಾವಣಿಯ ಮೇಲಿನ ಹಕ್ಕಿಯ ಹಿಕ್ಕೆ, ಧೂಳು ಮೊದಲ ಮಳೆಯ ನಂತರವೂ ಸ್ವಲ್ಪ ಇಳಿದುಬರುವುದರಿಂದ, ನೊರೆ ಎಷ್ಟೇ ಚೆನ್ನಾಗಿ ಬಂದರೂ, ಕುಡಿಯಲು ಬಳಸುವ ಮಳೆನೀರನ್ನು ಕುದಿಸಲೇಬೇಕು ಇಲ್ಲವೆ ಕ್ಲೋರಿನ್ ಹಾಕಲೇಬೇಕು.